ಮನೆಯಲ್ಲೇ ಹಾಡು ಮುದ್ರಿಸಲು ಎಂಥ ಕಂಪ್ಯೂಟರ್ ಬೇಕು?



"ಹಾಡು ರೆಕಾರ್ಡ್ ಮಾಡಲು ಒಂದು ಕಂಪ್ಯೂಟರ್ ಬೇಕು" ಎಂದು ಅಂಗಡಿಯಲ್ಲಿ ಕೇಳಿದರೆ, ಬಣ್ಣಬಣ್ಣದ ದೀಪ ಉರಿಯುವ ಗೇಮಿಂಗ್ ಕಂಪ್ಯೂಟರನ್ನು ತೋರಿಸುವ ಸಾಧ್ಯತೆಯೇ ಹೆಚ್ಚು. ಅದರ ಬೆಲೆಯಲ್ಲಿ ದೊಡ್ಡ ಪಾಲು ಗ್ರಾಫಿಕ್ಸ್ ಕಾರ್ಡಿನದು. ಧ್ವನಿಮುದ್ರಣದಲ್ಲಿ ಆ ಕಾರ್ಡಿಗೆ ಹೆಚ್ಚುಕಡಿಮೆ ಕೆಲಸವೇ ಇಲ್ಲ. ಸಾಲದ್ದಕ್ಕೆ ಅದರ ಫ್ಯಾನಿನ ಸದ್ದು ಹಾಡಿನೊಳಗೆ ಸೇರಿಕೊಳ್ಳುತ್ತದೆ. ಮನೆಯವರು ಕೂಡಿಟ್ಟ ಹಣ ಅಲ್ಲಿಗೆ ಹೋದ ಮೇಲೆ ಒಂದು ಒಳ್ಳೆಯ ಮೈಕಿಗೆ ಹಣ ಉಳಿಯುವುದಿಲ್ಲ.

ನಮ್ಮಲ್ಲಿ ಭಾವಗೀತೆ ಹಾಡುವವರಿದ್ದಾರೆ, ಬ್ಯಾರಿ ಹಾಡು ಕಟ್ಟುವವರಿದ್ದಾರೆ, ಕೀಬೋರ್ಡು ನುಡಿಸುವವರಿದ್ದಾರೆ. ಅವರೆಲ್ಲರ ಪ್ರಶ್ನೆ ಒಂದೇ: ಎಷ್ಟು ದೊಡ್ಡ ಕಂಪ್ಯೂಟರ್ ಕೊಳ್ಳಬೇಕು? ಈ ಪಾಠದ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಧ್ವನಿಮುದ್ರಣದ ಕಂಪ್ಯೂಟರನ್ನು ಮೂರು ಪ್ರಶ್ನೆಗಳಿಂದ ಅಳೆಯಬೇಕು. ಅದು ಸದ್ದು ಮಾಡುತ್ತದೆಯೇ? ತಡ ಮಾಡುತ್ತದೆಯೇ? ಮುದ್ರಿಸಿದ್ದನ್ನು ಕಳೆದುಹಾಕುತ್ತದೆಯೇ? ಈ ಮೂರಕ್ಕೂ "ಇಲ್ಲ" ಎಂಬ ಉತ್ತರ ಬಂದರೆ ಸಾಧಾರಣ ಕಂಪ್ಯೂಟರೇ ಸಾಕು. ಯಾಕೆ ಎಂಬುದನ್ನು ಲೆಕ್ಕ ಹಾಕಿ ನೋಡೋಣ. ಭೌತಶಾಸ್ತ್ರ ಮತ್ತು ಕಂಪ್ಯೂಟರ್ ವಿಜ್ಞಾನದ ತರಗತಿಗಳಲ್ಲಿ ಕಲಿತದ್ದೇ ಇಲ್ಲಿ ಕೆಲಸಕ್ಕೆ ಬರುತ್ತದೆ.

ಧ್ವನಿ ಅಂಕಿಯಾಗುವುದು ಹೇಗೆ?

ಮನುಷ್ಯನ ಕಿವಿ ಸುಮಾರು 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗಿನ ಧ್ವನಿಯನ್ನು ಕೇಳಬಲ್ಲದು. ಮೈಕು ಧ್ವನಿಯ ಅಲೆಯನ್ನು ವಿದ್ಯುತ್ತಿನ ಅಲೆಯಾಗಿ ಬದಲಿಸುತ್ತದೆ. ಆ ಅಲೆಯ ಎತ್ತರವನ್ನು ಸೆಕೆಂಡಿಗೆ ಸಾವಿರಾರು ಬಾರಿ ಅಳೆದು, ಪ್ರತಿ ಅಳತೆಯನ್ನೂ ಒಂದು ಸಂಖ್ಯೆಯಾಗಿ ಬರೆದಿಡುವುದೇ ಡಿಜಿಟಲ್ ಧ್ವನಿಮುದ್ರಣ. ಸೆಕೆಂಡಿಗೆ ಎಷ್ಟು ಬಾರಿ ಅಳೆಯುತ್ತೇವೆ ಎಂಬುದು ಸ್ಯಾಂಪ್ಲಿಂಗ್ ದರ. ಪ್ರತಿ ಅಳತೆಗೆ ಎಷ್ಟು ಬಿಟ್ ಬಳಸುತ್ತೇವೆ ಎಂಬುದು ಬಿಟ್ ಆಳ.

ಒಂದು ಆವೃತ್ತಿಯನ್ನು ಸರಿಯಾಗಿ ಹಿಡಿಯಬೇಕಾದರೆ ಸ್ಯಾಂಪ್ಲಿಂಗ್ ದರ ಅದರ ಎರಡು ಪಟ್ಟಿಗಿಂತ ಹೆಚ್ಚಿರಬೇಕು. ಹ್ಯಾರಿ ನೈಕ್ವಿಸ್ಟ್ ಮತ್ತು ಕ್ಲಾಡ್ ಶಾನನ್ ಅವರ ಹೆಸರಿನಲ್ಲಿ ಈ ನಿಯಮ ಪ್ರಸಿದ್ಧವಾಗಿದೆ. 20,000ದ ಎರಡು ಪಟ್ಟು 40,000. ಅದಕ್ಕಿಂತ ಸ್ವಲ್ಪ ಮೇಲಿನ 44,100 ಹರ್ಟ್ಸ್ ದರವನ್ನು 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ. ಬಳಸಿತು. ವಿಡಿಯೋ ಕೆಲಸದಲ್ಲಿ 48,000 ಹರ್ಟ್ಸ್ ರೂಢಿಯಲ್ಲಿದೆ.

ಇನ್ನು ಬಿಟ್‌ಗಳು. 16 ಬಿಟ್‌ಗಳಲ್ಲಿ 65,536 ಬೇರೆ ಬೇರೆ ಮಟ್ಟಗಳನ್ನು ಬರೆಯಬಹುದು. 24 ಬಿಟ್‌ಗಳಲ್ಲಿ 1,67,77,216 ಮಟ್ಟಗಳನ್ನು. ಒಂದೊಂದು ಬಿಟ್ ಸೇರಿದಾಗಲೂ ಅತಿ ಮೆಲ್ಲನೆಯ ಮತ್ತು ಅತಿ ಜೋರಿನ ಧ್ವನಿಯ ನಡುವಿನ ಅಂತರ ಸುಮಾರು 6 ಡೆಸಿಬಲ್ ಹಿಗ್ಗುತ್ತದೆ. ಹಾಗಾಗಿ 16 ಬಿಟ್‌ಗೆ ಸುಮಾರು 96 ಡೆಸಿಬಲ್, 24 ಬಿಟ್‌ಗೆ ಸುಮಾರು 144 ಡೆಸಿಬಲ್. 24 ಬಿಟ್‌ನಲ್ಲಿ ಮುದ್ರಿಸಿದರೆ ಮಟ್ಟವನ್ನು ತುಸು ಕೆಳಗೇ ಇಟ್ಟುಕೊಳ್ಳಬಹುದು. ಹಾಡುಗಾರ ಇದ್ದಕ್ಕಿದ್ದಂತೆ ಏರುದನಿಗೆ ಹೋದರೂ ಧ್ವನಿ ಒಡೆಯುವುದಿಲ್ಲ.

ಈಗ ಲೆಕ್ಕ. 48,000 ಹರ್ಟ್ಸ್, 24 ಬಿಟ್, ಒಂದು ಮೈಕು ಎಂದುಕೊಳ್ಳೋಣ.

48,000 × 24 = ಸೆಕೆಂಡಿಗೆ 11,52,000 ಬಿಟ್
11,52,000 ÷ 8 = ಸೆಕೆಂಡಿಗೆ 1,44,000 ಬೈಟ್
1,44,000 × 60 = ನಿಮಿಷಕ್ಕೆ 86,40,000 ಬೈಟ್, ಅಂದರೆ 8.64 ಎಂಬಿ

ಒಂದೇ ಬಾರಿಗೆ 8 ಮೈಕುಗಳಿಂದ ಮುದ್ರಿಸಿದರೂ ಸೆಕೆಂಡಿಗೆ ಸುಮಾರು 1.15 ಎಂಬಿ ಮಾತ್ರ. ಸಾಮಾನ್ಯ ಹಾರ್ಡ್ ಡಿಸ್ಕ್ ಸೆಕೆಂಡಿಗೆ 100 ಎಂಬಿ ಆಸುಪಾಸಿನಲ್ಲಿ ಬರೆಯಬಲ್ಲದು. ಮುದ್ರಿಸುವ ಕೆಲಸ ಇಂದಿನ ಕಂಪ್ಯೂಟರಿಗೆ ಎಷ್ಟು ಹಗುರ ಎಂಬುದು ಇದರಿಂದ ಗೊತ್ತಾಗುತ್ತದೆ.

ಇತಿಹಾಸದಿಂದಲೂ ಒಂದು ಹೋಲಿಕೆ ಕೊಡಬಹುದು. ಬೀಟಲ್ಸ್ ತಂಡದ 1967ರ ಪ್ರಸಿದ್ಧ ಆಲ್ಬಮ್ 'ಸಾರ್ಜೆಂಟ್ ಪೆಪ್ಪರ್ಸ್' ಲಂಡನ್ನಿನ ಅಬ್ಬಿ ರೋಡ್ ಸ್ಟುಡಿಯೋದಲ್ಲಿ ಸಿದ್ಧವಾದದ್ದು 4 ಟ್ರ್ಯಾಕ್‌ಗಳ ಟೇಪ್ ಯಂತ್ರಗಳಲ್ಲಿ. ಇಂದು ಕಚೇರಿಯ ಮೇಜಿನ ಮೇಲಿರುವ ಸಾಧಾರಣ ಕಂಪ್ಯೂಟರ್ ಹತ್ತಾರು ಟ್ರ್ಯಾಕ್‌ಗಳನ್ನು ಸಲೀಸಾಗಿ ನಡೆಸುತ್ತದೆ. 2020ರಲ್ಲಿ 'ವರ್ಷದ ಆಲ್ಬಮ್' ಗ್ರ್ಯಾಮಿ ಪ್ರಶಸ್ತಿ ಪಡೆದ ಬಿಲ್ಲಿ ಐಲಿಶ್ ಅವರ ಆಲ್ಬಮಿನ ಬಹುಪಾಲು ಕೆಲಸ ನಡೆದದ್ದು ಅವರ ಅಣ್ಣ ಫಿನಿಯಸ್ ಅವರ ಮಲಗುವ ಕೋಣೆಯಲ್ಲಿ.

ನಿಮ್ಮದು ಯಾವ ಕೆಲಸ?

ಕೊಳ್ಳುವ ಮೊದಲು ಇದನ್ನು ತೀರ್ಮಾನಿಸಿ. ಮನೆಯ ಧ್ವನಿಮುದ್ರಣದಲ್ಲಿ ಎರಡು ಬಗೆಯ ಕೆಲಸಗಳಿವೆ.

ಮೊದಲನೆಯದು, ಇರುವ ಧ್ವನಿಯನ್ನು ಹಿಡಿಯುವುದು: ಹಾಡು, ಹಾರ್ಮೋನಿಯಂ, ಗಿಟಾರ್, ತಬಲಾ, ಭಾಷಣ. ಇದಕ್ಕೆ ಮೇಲಿನ ಲೆಕ್ಕದಂತೆ ಕಂಪ್ಯೂಟರಿನ ಶಕ್ತಿ ಬಹಳ ಕಡಿಮೆ ಸಾಕು.

ಎರಡನೆಯದು, ಕಂಪ್ಯೂಟರಿನೊಳಗೇ ವಾದ್ಯಗಳನ್ನು ಸೃಷ್ಟಿಸುವುದು. ಮಿಡಿ ಕೀಬೋರ್ಡು ಒತ್ತಿದಾಗ ಕಂಪ್ಯೂಟರಿಗೆ ಹೋಗುವುದು ಧ್ವನಿ ಅಲ್ಲ. ಯಾವ ಸ್ವರ, ಎಷ್ಟು ಜೋರು ಎಂಬ ಸಂದೇಶ ಮಾತ್ರ. ಅದನ್ನು ಪಿಯಾನೋ ಆಗಿಯೋ ಪಿಟೀಲು ವೃಂದವಾಗಿಯೋ ನುಡಿಸುವುದು ತಂತ್ರಾಂಶ. ಅದಕ್ಕಾಗಿ ನಿಜವಾದ ವಾದ್ಯಗಳ ಸಾವಿರಾರು ಧ್ವನಿ ತುಣುಕುಗಳು ರ್ಯಾಮಿನಲ್ಲಿ ಸಿದ್ಧವಾಗಿರಬೇಕು. ಪ್ರೊಸೆಸರ್ ಎಡೆಬಿಡದೆ ಲೆಕ್ಕ ಮಾಡುತ್ತಿರಬೇಕು. ದೊಡ್ಡ ಪ್ರೊಸೆಸರ್, ಹೆಚ್ಚು ರ್ಯಾಮ್ ಬೇಕಾಗುವುದು ಇಲ್ಲಿ.

ಹಾಡುಗಾರರಿಗೆ ಎರಡನೆಯ ಬಗೆಯ ಯಂತ್ರ ಬೇಕಿಲ್ಲ. ಆ ಹಣವನ್ನು ಮೈಕಿಗೂ ಕೋಣೆಗೂ ಬಳಸುವುದು ಜಾಣತನ.

ಮೊದಲ ಪರೀಕ್ಷೆ: ಸದ್ದು

ನಾವು ರೂಢಿಯಲ್ಲಿ 'ಸಿಪಿಯು' ಎಂದು ಕರೆಯುವ ಪೆಟ್ಟಿಗೆಯೊಳಗೆ ಪ್ರೊಸೆಸರಿನ ಮೇಲೆ ಒಂದು ಫ್ಯಾನು, ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್‌ನಲ್ಲಿ ಒಂದು ಫ್ಯಾನು, ಕ್ಯಾಬಿನೆಟ್ಟಿನಲ್ಲಿ ಒಂದೆರಡು ಫ್ಯಾನು ಇರುತ್ತವೆ. ಗ್ರಾಫಿಕ್ಸ್ ಕಾರ್ಡ್ ಇದ್ದರೆ ಇನ್ನೂ ಒಂದೆರಡು. ಹಳೆಯ ಬಗೆಯ ಹಾರ್ಡ್ ಡಿಸ್ಕಿನಲ್ಲಿ ತಟ್ಟೆ ತಿರುಗುವ ಸದ್ದೂ ಇರುತ್ತದೆ. ಮಾತನಾಡುವಾಗ ಇವು ನಮ್ಮ ಗಮನಕ್ಕೆ ಬರುವುದಿಲ್ಲ. ಮೈಕು ಮಾತ್ರ ಎಲ್ಲವನ್ನೂ ಕೇಳಿಸಿಕೊಳ್ಳುತ್ತದೆ. ಹತ್ತು ಟ್ರ್ಯಾಕ್‌ಗಳನ್ನು ಒಂದರ ಮೇಲೊಂದು ಸೇರಿಸಿದಾಗ ಹತ್ತು ಸಲ ಮುದ್ರಣವಾದ ಫ್ಯಾನಿನ ಸದ್ದೂ ಒಟ್ಟುಗೂಡುತ್ತದೆ. ತಂತ್ರಾಂಶದಿಂದ ಅದನ್ನು ತೆಗೆಯಬಹುದು; ಆದರೆ ಹೆಚ್ಚು ತೆಗೆದಷ್ಟೂ ಹಾಡುಗಾರನ ದನಿ ನೀರೊಳಗಿಂದ ಬಂದಂತೆ ಕೇಳುತ್ತದೆ.

ಪರಿಹಾರ ಸರಳ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಬೇಡ. ತಿರುಗುವ ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ ಇರಲಿ. ಅದರಲ್ಲಿ ತಿರುಗುವ ಭಾಗವೇ ಇಲ್ಲ. ಫ್ಯಾನು ದೊಡ್ಡದಿದ್ದಷ್ಟೂ ಒಳ್ಳೆಯದು, ಏಕೆಂದರೆ ದೊಡ್ಡ ಫ್ಯಾನು ನಿಧಾನವಾಗಿ ತಿರುಗಿದರೂ ಸಾಕಷ್ಟು ಗಾಳಿ ತಳ್ಳುತ್ತದೆ. ಲ್ಯಾಪ್‌ಟಾಪಿಗಿಂತ ಡೆಸ್ಕ್‌ಟಾಪ್ ಇಲ್ಲಿ ಮುಂದಿರುವುದು ಇದೇ ಕಾರಣಕ್ಕೆ: ಒಳಗೆ ಜಾಗವಿದೆ, ಶಾಖ ಸುಲಭವಾಗಿ ಹೊರಹೋಗುತ್ತದೆ, ಸದ್ದು ಮಾಡುವ ಭಾಗವನ್ನು ಮಾತ್ರ ಬದಲಿಸಬಹುದು.

ಇನ್ನೊಂದು ಪರಿಹಾರಕ್ಕೆ ಖರ್ಚೇ ಇಲ್ಲ. ಬಯಲಿನಲ್ಲಿ ಸದ್ದಿನ ಮೂಲದಿಂದ ದೂರ ಎರಡು ಪಟ್ಟಾದಾಗಲೆಲ್ಲ ಸದ್ದು 6 ಡೆಸಿಬಲ್ ಇಳಿಯುತ್ತದೆ. ಮೈಕಿನಿಂದ 60 ಸೆಂಟಿಮೀಟರ್ ದೂರದಲ್ಲಿದ್ದ ಪೆಟ್ಟಿಗೆಯನ್ನು 240 ಸೆಂಟಿಮೀಟರ್ ದೂರ ಸರಿಸಿದರೆ 12 ಡೆಸಿಬಲ್ ಇಳಿಕೆ. ಕೋಣೆಯಲ್ಲಿ ಗೋಡೆಗಳು ಸದ್ದನ್ನು ಪ್ರತಿಫಲಿಸುವುದರಿಂದ ಇಷ್ಟು ಪೂರ್ತಿ ಸಿಗುವುದಿಲ್ಲ. ಆದರೂ ವ್ಯತ್ಯಾಸ ಕಿವಿಗೇ ತಿಳಿಯುತ್ತದೆ. ಮಾನಿಟರಿನ ಕೇಬಲ್ ಉದ್ದವಿದ್ದರೆ ಪೆಟ್ಟಿಗೆ ಮೇಜಿನ ಕೆಳಗೆ ಮೂಲೆಗೆ ಹೋಗಲಿ. ಗಾಳಿಯಾಡುವ ಕಿಂಡಿಗಳನ್ನು ಮಾತ್ರ ಮುಚ್ಚಬೇಡಿ.

ಸದ್ದಿನಲ್ಲಿ ಇನ್ನೊಂದು ಬಗೆ ಇದೆ: ವಿದ್ಯುತ್ತಿನ ಗುಂಯ್‌ಗುಡುವಿಕೆ. ನಮ್ಮ ದೇಶದ ವಿದ್ಯುತ್ತಿನ ಆವೃತ್ತಿ 50 ಹರ್ಟ್ಸ್. ಮನೆಯ ಅರ್ತಿಂಗ್ ಸರಿಯಿಲ್ಲದಿದ್ದರೆ ಅದು ಮುದ್ರಣದಲ್ಲಿ ಕೆಳಸ್ವರದ ಗುನುಗಾಗಿ ಸೇರಿಕೊಳ್ಳಬಹುದು. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಸಾಕೆಟ್ಟಿಗೆ ಹೇಗೋ ಸಿಕ್ಕಿಸುವ ಅಭ್ಯಾಸ ಬೇಡ. ಅದು ಧ್ವನಿಗೂ ಕೆಡುಕು, ಜೀವಕ್ಕೂ ಅಪಾಯ. ಅರ್ತಿಂಗನ್ನು ಎಲೆಕ್ಟ್ರಿಷಿಯನ್ನರಿಂದ ಪರೀಕ್ಷೆ ಮಾಡಿಸಿ.

ಎರಡನೆಯ ಪರೀಕ್ಷೆ: ತಡ

ಮೈಕಿನಲ್ಲಿ ಹಾಡಿದ ದನಿ ಕಂಪ್ಯೂಟರಿನೊಳಗೆ ಹೋಗಿ ಹೆಡ್‌ಫೋನಿಗೆ ಮರಳಿ ಬರಲು ಸ್ವಲ್ಪ ಸಮಯ ಹಿಡಿಯುತ್ತದೆ. ಇದನ್ನು ಲೇಟೆನ್ಸಿ ಎನ್ನುತ್ತಾರೆ. ಕಂಪ್ಯೂಟರ್ ಒಂದೊಂದೇ ಅಳತೆಯನ್ನು ತೆಗೆದುಕೊಳ್ಳುವುದಿಲ್ಲ. ಒಂದಷ್ಟು ಅಳತೆಗಳನ್ನು ಬುಟ್ಟಿಯಲ್ಲಿ ತುಂಬಿ ಒಟ್ಟಿಗೆ ಸಾಗಿಸುತ್ತದೆ. ಆ ಬುಟ್ಟಿಯೇ ಬಫರ್.

48,000 ಹರ್ಟ್ಸ್ ದರದಲ್ಲಿ ಬಫರ್ 256 ಆಗಿದ್ದರೆ ಬುಟ್ಟಿ ತುಂಬಲು 256 ÷ 48,000 = 0.0053 ಸೆಕೆಂಡ್, ಅಂದರೆ 5.3 ಮಿಲಿಸೆಕೆಂಡ್. ಬಫರ್ 1,024 ಆದರೆ 21.3 ಮಿಲಿಸೆಕೆಂಡ್. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಹಾಗಾಗಿ 5.3 ಮಿಲಿಸೆಕೆಂಡ್ ತಡ ಎಂದರೆ 1.8 ಮೀಟರ್ ದೂರ ನಿಂತವರ ದನಿ ಕೇಳಿದಂತೆ, ಅದಕ್ಕೆ ಹೊಂದಿಕೊಳ್ಳಬಹುದು. 21.3 ಮಿಲಿಸೆಕೆಂಡ್ ಎಂದರೆ 7.3 ಮೀಟರ್ ದೂರ. ಒಳಹೋಗುವಾಗ ಒಮ್ಮೆ, ಹೊರಬರುವಾಗ ಒಮ್ಮೆ ಬಫರ್ ಇರುವುದರಿಂದ ಒಟ್ಟು ತಡ ಇದರ ಎರಡು ಪಟ್ಟಿಗಿಂತಲೂ ಸ್ವಲ್ಪ ಹೆಚ್ಚು. ಅಷ್ಟು ತಡವಾಗಿ ತನ್ನದೇ ದನಿ ಕೇಳಿದರೆ ಹಾಡುಗಾರ ತಾಳ ತಪ್ಪುತ್ತಾನೆ.

ಬುಟ್ಟಿ ಚಿಕ್ಕದಾದರೆ ತಡ ಕಡಿಮೆ. ಆದರೆ ಪ್ರೊಸೆಸರ್ ಅಷ್ಟೇ ಬೇಗ ಬೇಗ ಕೆಲಸ ಮುಗಿಸಬೇಕು. ಒಂದು ಬುಟ್ಟಿ ತಪ್ಪಿದರೂ ಧ್ವನಿಯಲ್ಲಿ 'ಟಕ್' ಎಂಬ ಸದ್ದು ಸೇರುತ್ತದೆ. ಆದ್ದರಿಂದ ಮಿಡಿ ವಾದ್ಯ ನುಡಿಸುವವರಿಗೆ ಕೋರ್‌ಗಳ ಸಂಖ್ಯೆ ಒಂದೇ ಮುಖ್ಯವಲ್ಲ, ಒಂದೊಂದು ಕೋರ್ ಎಷ್ಟು ವೇಗದ್ದು ಎಂಬುದೂ ಮುಖ್ಯ. ಒಂದು ಟ್ರ್ಯಾಕಿನ ಮೇಲಿನ ಪರಿಣಾಮಗಳು ಒಂದಾದ ಮೇಲೊಂದು ಸಾಲಾಗಿ ನಡೆಯಬೇಕಾಗಿರುವುದರಿಂದ ಅವನ್ನು ಹಲವು ಕೋರ್‌ಗಳಿಗೆ ಹಂಚುವುದು ಕಷ್ಟ.

ಹಾಡುಗಾರರಿಗೆ ಇಲ್ಲಿ ಒಂದು ಸುಲಭ ದಾರಿ ಇದೆ. ಆಡಿಯೋ ಇಂಟರ್‌ಫೇಸ್ ಎಂಬ ಚಿಕ್ಕ ಪೆಟ್ಟಿಗೆ ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ಸೇರುತ್ತದೆ. ಮೈಕು ಮತ್ತು ಹೆಡ್‌ಫೋನ್ ಅದಕ್ಕೆ ಸೇರುತ್ತವೆ. ಬಹಳಷ್ಟು ಇಂಟರ್‌ಫೇಸ್‌ಗಳಲ್ಲಿ 'ಡೈರೆಕ್ಟ್ ಮಾನಿಟರ್' ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ನಿಮ್ಮ ದನಿ ಕಂಪ್ಯೂಟರನ್ನು ಸುತ್ತಿ ಬರದೆ ನೇರವಾಗಿ ಹೆಡ್‌ಫೋನಿಗೆ ಬರುತ್ತದೆ. ಆಗ ಪ್ರೊಸೆಸರ್ ಸಾಧಾರಣದ್ದಾದರೂ ತಡದ ತೊಂದರೆ ಇಲ್ಲ. ಬ್ಲೂಟೂತ್ ಹೆಡ್‌ಫೋನ್ ಮಾತ್ರ ಬೇಡ. ಅದರ ತಡ ಸಾಮಾನ್ಯವಾಗಿ 100 ಮಿಲಿಸೆಕೆಂಡಿಗೂ ಹೆಚ್ಚು. ಅಂದರೆ 34 ಮೀಟರ್‌ಗಿಂತ ಆಚೆಯಿಂದ ಕೇಳಿದಂತೆ.

ವಿಂಡೋಸ್ ಬಳಸುವವರು ಇಂಟರ್‌ಫೇಸಿನ ಜೊತೆ ಬರುವ 'ಏಸಿಯೋ' ಡ್ರೈವರನ್ನು ಹಾಕಿಕೊಳ್ಳಬೇಕು. ಮುದ್ರಣದ ವೇಳೆ ವೈಫೈ ಆರಿಸಿ. ಇಂಟರ್‌ಫೇಸನ್ನು ಹಬ್ಬಿಗೆ ಚುಚ್ಚದೆ ಪೆಟ್ಟಿಗೆಯ ಹಿಂಭಾಗದ ಯುಎಸ್‌ಬಿ ಕಿಂಡಿಗೇ ಚುಚ್ಚಿ.

ಮೂರನೆಯ ಪರೀಕ್ಷೆ: ನಷ್ಟ

ಮನೆಯ ಹಿರಿಯರೊಬ್ಬರು ಮದುವೆ ಮನೆಯಲ್ಲಿ ಹಾಡುತ್ತಿದ್ದ ಹಾಡನ್ನು ನೀವು ಮುದ್ರಿಸುತ್ತೀರಿ ಎಂದುಕೊಳ್ಳಿ. ಆ ಹಾಡು ಎಲ್ಲೂ ಅಚ್ಚಾಗಿಲ್ಲ. ಅವರ ನೆನಪಿನಲ್ಲಿ ಮಾತ್ರ ಇದೆ. ನಾಳೆ ಅದೇ ಉಸಿರು, ಅದೇ ಉತ್ಸಾಹ ಇರುತ್ತದೆ ಎಂದು ಹೇಳಲಾಗದು. ಅಂಥ ಮುದ್ರಣ ಕರೆಂಟು ಹೋಗಿ ಅರ್ಧಕ್ಕೆ ನಿಂತರೆ, ಅಥವಾ ಆರು ತಿಂಗಳ ಮೇಲೆ ಡಿಸ್ಕು ಕೆಟ್ಟು ಮಾಯವಾದರೆ, ಹಣ ಕೊಟ್ಟು ಮರಳಿ ಪಡೆಯಲಾಗುವುದಿಲ್ಲ. ಕಂಪ್ಯೂಟರ್ ಕೊಳ್ಳುವಾಗ ಹೆಚ್ಚಿನವರು ಲೆಕ್ಕಕ್ಕೇ ತೆಗೆದುಕೊಳ್ಳದ ವಿಷಯ ಇದು.

ಡೆಸ್ಕ್‌ಟಾಪಿನಲ್ಲಿ ಬ್ಯಾಟರಿ ಇಲ್ಲ. ಹಾಗಾಗಿ ಯುಪಿಎಸ್ ಖರ್ಚನ್ನೂ ಕಂಪ್ಯೂಟರಿನ ಬೆಲೆಯಲ್ಲೇ ಸೇರಿಸಿ. ಗಂಟೆಗಟ್ಟಲೆ ನಡೆಸುವ ಯುಪಿಎಸ್ ಬೇಕಿಲ್ಲ. ಕಡತವನ್ನು ಉಳಿಸಿ ಸರಿಯಾಗಿ ಆಫ್ ಮಾಡುವಷ್ಟು ನಿಮಿಷ ಸಿಕ್ಕರೆ ಸಾಕು.

ಜಾಗದ ಲೆಕ್ಕ ಹೀಗಿದೆ. 5 ನಿಮಿಷದ ಹಾಡು, 12 ಟ್ರ್ಯಾಕ್: 8.64 × 5 × 12 = 518.4 ಎಂಬಿ. ಪ್ರತಿಯೊಂದನ್ನೂ ಮೂರು ಸಲ ಹಾಡಿ ಮೂರನ್ನೂ ಇಟ್ಟುಕೊಂಡರೆ ಸುಮಾರು 1.56 ಜಿಬಿ. ಅಂಥ 100 ಹಾಡುಗಳಿಗೆ ಸುಮಾರು 156 ಜಿಬಿ. ಹಾಗಾದರೆ 512 ಜಿಬಿ ಎಸ್‌ಎಸ್‌ಡಿ ಆರಂಭಕ್ಕೆ ಧಾರಾಳ. ಉಳಿದ ಹಣದಲ್ಲಿ ಹೊರಗಿನಿಂದ ಚುಚ್ಚುವ 1 ಟಿಬಿ ಹಾರ್ಡ್ ಡಿಸ್ಕ್ ಕೊಳ್ಳಿ. ಅದು ತಿರುಗುವ ಬಗೆಯದಾದರೂ ಅಡ್ಡಿಯಿಲ್ಲ, ಮುದ್ರಣದ ವೇಳೆ ಅದನ್ನು ಕಳಚಿಟ್ಟಿರುತ್ತೀರಿ.

ಕಂಪ್ಯೂಟರ್ ಲೋಕದಲ್ಲಿ 3–2–1 ಎಂಬ ನಿಯಮವಿದೆ. ಮುಖ್ಯ ಕಡತದ 3 ಪ್ರತಿಗಳು, 2 ಬೇರೆ ಬೇರೆ ಬಗೆಯ ಸಾಧನಗಳಲ್ಲಿ, ಅವುಗಳಲ್ಲಿ 1 ಮನೆಯಿಂದ ಹೊರಗೆ. ಹೊರಗಿನ ಪ್ರತಿ ಆನ್‌ಲೈನ್ ಸಂಗ್ರಹದಲ್ಲಿರಬಹುದು, ನೆಂಟರ ಮನೆಯಲ್ಲೂ ಇರಬಹುದು.

ಕೊಳ್ಳುವಾಗ ಯಾವ ಭಾಗ ಹೇಗಿರಬೇಕು?

ಪ್ರೊಸೆಸರ್: ಹಾಡು ಮುದ್ರಿಸುವವರಿಗೆ ಇತ್ತೀಚಿನ ತಲೆಮಾರುಗಳ ಮಧ್ಯಮ ದರ್ಜೆಯದು ಸಾಕು. ಪೂರ್ತಿ ಸಂಖ್ಯೆಯನ್ನು ಬಿಲ್ಲಿನಲ್ಲಿ ಬರೆಸಿ. ಇಂಟೆಲ್ ಪ್ರೊಸೆಸರಿನ ಸಂಖ್ಯೆಯ ಕೊನೆಯಲ್ಲಿ 'ಎಫ್' ಅಕ್ಷರವಿದ್ದರೆ ಅದರಲ್ಲಿ ಒಳಗೇ ಸೇರಿದ ಗ್ರಾಫಿಕ್ಸ್ ಇರುವುದಿಲ್ಲ. ಅದನ್ನು ಕೊಂಡರೆ ಬೇಡದ ಗ್ರಾಫಿಕ್ಸ್ ಕಾರ್ಡನ್ನೂ ಕೊಳ್ಳಬೇಕಾಗುತ್ತದೆ.

ರ್ಯಾಮ್: ಹಾಡು ಮುದ್ರಣಕ್ಕೆ 8 ಜಿಬಿಯಲ್ಲಿ ಕೆಲಸ ನಡೆಯುತ್ತದೆ, 16 ಇದ್ದರೆ ನೆಮ್ಮದಿ. ವಾದ್ಯವೃಂದದ ಧ್ವನಿಗಳನ್ನು ಬಳಸುವವರಿಗೆ 32. ಮದರ್‌ಬೋರ್ಡಿನಲ್ಲಿ ಒಂದು ರ್ಯಾಮ್ ಕಿಂಡಿ ಖಾಲಿ ಇರಲಿ, ಮುಂದೆ ಸೇರಿಸಬಹುದು.

ಡಿಸ್ಕು: 512 ಜಿಬಿ ಎಸ್‌ಎಸ್‌ಡಿ.

ಎಸ್‌ಎಂಪಿಎಸ್: ಹೆಸರಿಲ್ಲದ ಅಗ್ಗದ್ದು ಬೇಡ. ಸದ್ದಿಗೂ ಆಯಸ್ಸಿಗೂ ಇದೇ ಆಧಾರ.

ಸೌಂಡ್ ಕಾರ್ಡ್: ಪ್ರತ್ಯೇಕ ಬೇಡ, ಆಡಿಯೋ ಇಂಟರ್‌ಫೇಸೇ ಆ ಕೆಲಸ ಮಾಡುತ್ತದೆ.

ತಂತ್ರಾಂಶ: ಕಲಿಯಲು ಆಡಾಸಿಟಿ ಉಚಿತ. ಲಿನಕ್ಸಿನಲ್ಲಿ ಆರ್ಡರ್ ಎಂಬ ಮುಕ್ತ ತಂತ್ರಾಂಶ ಇದೆ. ಕದ್ದ ತಂತ್ರಾಂಶ ಹಾಕಿಕೊಡುತ್ತೇವೆಂದರೆ ಒಪ್ಪಬೇಡಿ. ಅದರ ಜೊತೆ ವೈರಸ್ಸೂ ಬರುವ ಅಪಾಯವಿದೆ, ಅದು ಇನ್ನೊಬ್ಬರ ದುಡಿಮೆಯ ಕಳವೂ ಹೌದು.

ಹಳೆಯ ಕಂಪ್ಯೂಟರ್ ಕೊಳ್ಳಬಹುದೇ?

ಕೊಳ್ಳಬಹುದು. ಕಂಪನಿಗಳು ಕೆಲವು ವರ್ಷ ಬಳಸಿ ಬಿಟ್ಟ ಡೆಸ್ಕ್‌ಟಾಪ್‌ಗಳು ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಸಿಗುತ್ತವೆ. ಕಚೇರಿಗೆಂದೇ ತಯಾರಾದ ಯಂತ್ರಗಳು ಸಾಮಾನ್ಯವಾಗಿ ಹೆಚ್ಚು ಸದ್ದು ಮಾಡುವುದಿಲ್ಲ. ಆದರೆ ಒಂದು ಗೆರೆ ನೆನಪಿರಲಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ನಡೆಯುವುದು ಇಂಟೆಲ್‌ನ 8ನೇ ತಲೆಮಾರು ಮತ್ತು ನಂತರದ ಪ್ರೊಸೆಸರ್‌ಗಳಲ್ಲಿ, ಒಂದೆರಡು ಅಪವಾದ ಬಿಟ್ಟರೆ. ಅದಕ್ಕಿಂತ ಹಳೆಯದನ್ನು ಲಿನಕ್ಸ್ ಬಳಸುವ ಮನಸ್ಸಿದ್ದರೆ ಮಾತ್ರ ಕೊಳ್ಳಿ. ಎಸ್‌ಎಸ್‌ಡಿಯನ್ನು ಹೊಸದಾಗಿ ಹಾಕಿಸಿ.

ಅಂಗಡಿಯಲ್ಲೇ ಮಾಡಬಹುದಾದ ಪರೀಕ್ಷೆಗಳು ಎರಡು. ಯಂತ್ರವನ್ನು ಆನ್ ಮಾಡಿಸಿ, ಹತ್ತು ನಿಮಿಷ ಬಿಟ್ಟು, ಹತ್ತಿರ ಕಿವಿಯಿಟ್ಟು ಕೇಳಿ. ನಂತರ 'ಲೇಟೆನ್ಸಿಮಾನ್' ಎಂಬ ತಂತ್ರಾಂಶವನ್ನು ಕೆಲವು ನಿಮಿಷ ಓಡಿಸಿ. ಆ ಯಂತ್ರದಲ್ಲಿ ಧ್ವನಿ ತಡೆತಡೆದು ಬರುವ ಸಂಭವ ಇದೆಯೇ ಎಂಬುದನ್ನು ಅದು ತಿಳಿಸುತ್ತದೆ.

ಹಣ ಯಾವ ಕ್ರಮದಲ್ಲಿ ಹೋಗಲಿ?

ಬೆಲೆಗಳು ಬದಲಾಗುತ್ತಲೇ ಇರುವುದರಿಂದ ಇಲ್ಲಿ ಬೆಲೆ ಬರೆದಿಲ್ಲ, ಕ್ರಮ ಬರೆದಿದ್ದೇನೆ. ಮನೆಯಲ್ಲಿ ಈಗಾಗಲೇ ಕಂಪ್ಯೂಟರ್ ಇದ್ದರೆ ಮೊದಲು ಅದರಲ್ಲೇ ಆರಂಭಿಸಿ. ಖರ್ಚು ಮೈಕು, ಇಂಟರ್‌ಫೇಸ್, ಕಿವಿ ಮುಚ್ಚುವ ತಂತಿಯ ಹೆಡ್‌ಫೋನ್, ಈ ಮೂರರಿಂದ ಶುರುವಾಗಲಿ. ರಸ್ತೆ ಬದಿಯ ಮನೆಯಾದರೆ ಡೈನಮಿಕ್ ಮೈಕು ಒಳ್ಳೆಯದು. ಬಾಯಿಗೆ ಹತ್ತಿರ ಹಿಡಿದು ಹಾಡಿದರೆ ಸುತ್ತಲಿನ ಗದ್ದಲ ಅಷ್ಟಾಗಿ ಸೇರುವುದಿಲ್ಲ. ಕಂಡೆನ್ಸರ್ ಮೈಕು ಹೆಚ್ಚು ಸೂಕ್ಷ್ಮ. ಅದಕ್ಕೆ ಇಂಟರ್‌ಫೇಸಿನಿಂದ ಸಾಮಾನ್ಯವಾಗಿ 48 ವೋಲ್ಟ್ ಪೂರೈಕೆ ಬೇಕು. ಅನಂತರ ಎಸ್‌ಎಸ್‌ಡಿ ಮತ್ತು ರ್ಯಾಮ್, ಆಮೇಲೆ ಯುಪಿಎಸ್ ಮತ್ತು ಬ್ಯಾಕಪ್ ಡಿಸ್ಕ್. ಇಷ್ಟಾದ ಮೇಲೂ ಯಂತ್ರ ತಡವರಿಸಿದರೆ ಮಾತ್ರ ಹೊಸ ಕಂಪ್ಯೂಟರ್.

ಕೋಣೆಗೆ ದುಡ್ಡು ಬೇಕಿಲ್ಲ. ದಪ್ಪ ಪರದೆ, ಗೋಡೆಗೆ ಒರಗಿಸಿದ ಹಾಸಿಗೆ, ಪುಸ್ತಕದ ಕಪಾಟು ಪ್ರತಿಧ್ವನಿಯನ್ನು ತಗ್ಗಿಸುತ್ತವೆ. ಸೀಲಿಂಗ್ ಫ್ಯಾನು ಆರಿಸಿ. ಕುಕ್ಕರ್ ಒಲೆಯಿಂದ ಇಳಿದ ಮೇಲೆ ಹಾಡಿ.

ಅಭ್ಯಾಸಕ್ಕೆ

1. 44,100 ಹರ್ಟ್ಸ್, 16 ಬಿಟ್, ಸ್ಟೀರಿಯೋ (ಎರಡು ಟ್ರ್ಯಾಕ್), 4 ನಿಮಿಷದ ಹಾಡಿಗೆ ಎಷ್ಟು ಎಂಬಿ ಬೇಕು?
2. 96,000 ಹರ್ಟ್ಸ್ ದರದಲ್ಲಿ ಬಫರ್ 256 ಆದರೆ ಒಂದು ಬುಟ್ಟಿಯ ತಡ ಎಷ್ಟು? ಶಬ್ದ ಅಷ್ಟು ಹೊತ್ತಿನಲ್ಲಿ ಎಷ್ಟು ದೂರ ಹೋಗುತ್ತದೆ?
3. ಆಡಾಸಿಟಿಯಲ್ಲಿ ಯಾರೂ ಮಾತನಾಡದೆ 30 ಸೆಕೆಂಡ್ ಮುದ್ರಿಸಿ, ಮಟ್ಟ ತೋರಿಸುವ ಪಟ್ಟಿಯನ್ನು ನೋಡಿ. ಕಂಪ್ಯೂಟರ್ ಪೆಟ್ಟಿಗೆಯನ್ನು ದೂರ ಸರಿಸಿ ಮತ್ತೆ ಮುದ್ರಿಸಿ. ಎಷ್ಟು ಡೆಸಿಬಲ್ ಇಳಿಯಿತು? −60 ಡೆಸಿಬಲ್ ಎಂದರೆ ಅಲೆಯ ಎತ್ತರ ಗರಿಷ್ಠ ಮಟ್ಟದ ಸಾವಿರದಲ್ಲಿ ಒಂದು ಭಾಗ ಎಂಬುದು ನೆನಪಿರಲಿ.

ಉತ್ತರಗಳು: (1) ಸುಮಾರು 42.3 ಎಂಬಿ. (2) ಸುಮಾರು 2.67 ಮಿಲಿಸೆಕೆಂಡ್, ಸುಮಾರು 0.91 ಮೀಟರ್. (3) ನಿಮ್ಮ ಕೋಣೆಯ ಉತ್ತರ ನಿಮ್ಮಲ್ಲೇ ಇದೆ. ಎರಡೂ ಅಳತೆಗಳನ್ನು ಬರೆದುಕೊಂಡು ಪ್ರಯೋಗಾಲಯದ ತರಗತಿಗೆ ತನ್ನಿ, ಹೋಲಿಸಿ ನೋಡೋಣ.